ಕಾಗೆ ಮುಟ್ಟದ ಎಡೆ

ಈ ಕಾಗೆಗಳಿಗೆ ಅದೇನು ಧಾಡಿ ಬಂದಿತ್ತೋ! ದಿನಾ ಒಂದು ಹಪ್ಪಳ ಒಣಗಲು ಬಿಡದ ಹಾಳಾದವು ಮಹಾಲಯ ಅಮಾವಾಸ್ಯೆಯ ದಿನವೇ ನಾಪತ್ತೆ. ಮಾಲೂರಿನ ಪಕ್ಕದ ಹಳ್ಳಿಯ ಆ ಮನೆಯ ತಾರಸಿಯ ಮೇಲೆ ತಾತ ದೊಡ್ಡಮುನಿಯಪ್ಪನಿಗೆಂದು ಎಡೆ ಇಟ್ಟು ಎರಡು ಗಂಟೆ ಹೊತ್ತು ಕಳೆದಿತ್ತು. ಕಾಗೆ ಬಾಯಿ ಹಾಕದೆ ಮನೆಯವರು ಯಾರೂ ಊಟಕ್ಕೆ ಕೂರುವಂತಿಲ್ಲ.

ಹಾಲಿನ ಡೇರಿಯ ಸೆಕ್ರೆಟರಿ ಸುಬ್ರಮಣಿಗೆ ಹಸಿವಿಗಿಂತ ದೊಡ್ಡ ಸಂಕಟವಿತ್ತು. ರೋಡ್ ಪಕ್ಕದ ಮಾವಿನ ತೋಪು ಅವನಿಗೋ ತಮ್ಮ ಚಂದ್ರುವಿಗೋ ಎಂಬುದನ್ನು ಊಟವಾದ ಮೇಲೆ ಹೇಳುತ್ತೇನೆಂದು ಅಜ್ಜಿ ಆವಲಮ್ಮ ಬೆಳಿಗ್ಗೆಯೇ ಸಾರಿದ್ದಳು.

"ಏನೋ ಕಮ್ಮಿ ಮಾಡಿದ್ದೀರ ಕಣ್ರೋ," ಎಂದ ಎದುರುಮನೆ ಮುನಿರಾಮಪ್ಪ, ಯಾರೂ ಕರೆಯದಿದ್ದರೂ ಮೇಲೆ ಹತ್ತಿ ಬಂದು. "ನಿಮ್ಮ ತಾತ ಕುರಿ ಬೋಟಿ ಇಲ್ದೆ ಉಣ್ತಿದ್ನಾ?"

ಬೋಟಿ ಬಂತು, ಕಾಗೆ ಬರಲಿಲ್ಲ. ಬೀಡಿ ಇಟ್ಟರು, ಬ್ರಾಂದಿ ಇಟ್ಟರು. ಎಲ್ಲಕ್ಕೂ ಓಡಿದವನು ಸುಬ್ರಮಣಿ. ಬ್ರಾಂದಿ ಅಂಗಡಿಯ ಮುಂದೆ ಡೇರಿಗೆ ಹಾಲು ಹಾಕುವವರೆಲ್ಲ, "ಏನ್ ಸೆಕ್ರೆಟರಿ ಸಾರ್, ಹಗಲೊತ್ನಲ್ಲೇ?" ಎಂದು ಹಲ್ಲು ಕಿರಿದರು. ಅವನ ಮೈಯೆಲ್ಲ ಉರಿದುಹೋಯಿತು.

"ಚಿಕ್ಕೋನಿದ್ದಾಗ ಶನಿವಾರ ಶನಿವಾರ ತಾತನ ಜೊತೆ ಬೆಂಗಳೂರಿಗೆ ಹೋಗ್ತಿದ್ದೋನು ನೀನು. ಏನಿಷ್ಟ ಅಂತ ನಿಂಗೇ ಗೊತ್ತಿಲ್ವೇನ್ಲಾ?" ಮುನಿರಾಮಪ್ಪ ಗದರಿದ.

ಸುಬ್ರಮಣಿಗೆ ಗೊತ್ತಿತ್ತು. ಕುದುರೆ ರೇಸು! ಊರಿಗೆಲ್ಲ ಹುಡುಗನಿಗೆ ಕಣ್ಣಾಸ್ಪತ್ರೆ ಎಂದು ಹೇಳಿ ತಾತ ಅವನನ್ನು ಮಾಲೂರಲ್ಲಿ ರೈಲು ಹತ್ತಿಸುತ್ತಿದ್ದ. ರೇಸ್‌ಕೋರ್ಸಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು, "ಯಾವ್ದು ಮುಂದೈತೆ ಹೇಳೋ!" ಎಂದು ಕುಣಿಯುತ್ತಿದ್ದ. ಗೊರಸಿನ ಸದ್ದು, ಧೂಳು, ತಾತನ ಬೀಡಿಯ ವಾಸನೆ, ಆಮೇಲೆ ಬೆಣ್ಣೆ ಹಾಕಿದ ಮಸಾಲೆ ದೋಸೆ. ವಾಪಸು ಬರುವಾಗ ರೈಲಿನಲ್ಲೇ ಅವನ ಚೆನ್ನಾಗೇ ಇದ್ದ ಒಂದು ಕಣ್ಣಿಗೆ ಹತ್ತಿ ಅಂಟಿಸುತ್ತಿದ್ದ. ಸ್ಕೂಲಿನಲ್ಲಿ ಹುಡುಗರು ಒಕ್ಕಣ್ಣ ಎಂದು ಆಡಿಕೊಂಡರೂ ಸುಬ್ರಮಣಿ ನಲವತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. ತಾತನಿಗೆ ಮಾತು ಕೊಟ್ಟಿದ್ದ.

"ನಿನ್ನ ಕೈಗುಣ ಸರಿ ಇಲ್ಲ ಬಿಡಣ್ಣ," ಎಂದ ಚಂದ್ರು. "ನಾನಿಟ್ಟಿದ್ರೆ ಇಷ್ಟೊತ್ತಿಗೆ ಬಂದಿರೋದು."

ಸುಬ್ರಮಣಿಯ ಪಿತ್ತ ನೆತ್ತಿಗೇರಿತು. "ಮುಚ್ಚಲೇ ಬಾಯಿ! ತಾತಂಗೆ ಬೇಕಾಗಿರೋದು ಬೋಟಿನೂ ಅಲ್ಲ, ಬ್ರಾಂದಿನೂ ಅಲ್ಲ. ಕುದುರೆ! ಕಣ್ಣಾಸ್ಪತ್ರೆನೂ ಇಲ್ಲ, ಮಣ್ಣೂ ಇಲ್ಲ. ನಾವು ಹೋಗ್ತಿದ್ದಿದ್ದು ರೇಸಿಗೆ!"

ಪೇಪರಿನ ರೇಸ್ ಪುಟ ಹರಿದು ತಂದು ಎಡೆಯ ಪಕ್ಕ ಕುಕ್ಕಿದ. ಎಲ್ಲಿತ್ತೋ, ಕಾಗೆಯೊಂದು ಬಂದು ಇಳಿದು ಬೋಟಿಗೆ ಬಾಯಿ ಹಾಕಿತು. ಎಲ್ಲರೂ ಕೈ ಮುಗಿದರು.

ಅಜ್ಜಿ ಮಾತ್ರ ಕೋಲು ಕುಟ್ಟಿದಳು. "ಅಂತೂ ನಿನ್ನ ಬಾಯಿಂದ್ಲೇ ಬಂತಲ್ಲೋ!"

"ನಿಂಗೆ ಗೊತ್ತಿತ್ತಾ ಅಜ್ಜಿ?"

"ಆಯಪ್ಪ ಸಾಯೋಕ್ ಮುಂಚೆ ಎಲ್ಲಾ ಹೇಳ್ಬಿಟ್ಟು ಹೋಯ್ತು. 'ಹುಡುಗನಿಗೆ ಕುದುರೆ ಹುಚ್ಚು, ಕರ್ಕೊಂಡು ಹೋಗ್ದಿದ್ರೆ ಅನ್ನ ಮುಟ್ಟಲ್ಲ, ನಂಬರ್ ಹೇಳೋನೂ ಅವನೇ, ಕಳೆದೋಗಿದ್ದ ನಿನ್ನ ಕಿವಿ ಓಲೆ ಕದ್ದು ತಂದಿದ್ದೂ ಅವನೇ, ಮಗು ಕಳೆದುಹೋಗ್ದಿರ್ಲಿ ಅಂತ ನಾನು ಜೊತೇಲಿ ಹೋಗ್ತಿದ್ದೆ' ಅಂತ!"

"ಅಜ್ಜೀ! ನಂಗಾಗ ಏಳು ವರ್ಷ!"

"ಏಳಕ್ಕೇ ಹಂಗಿದ್ದೋನು ಈಗ ಬಿಡ್ತೀಯ? ಸುಳ್ಳಿದ್ರೂ ಇರಬೌದು ಅಂತ ಇಷ್ಟು ವರ್ಷ ಸುಮ್ನಿದ್ದೆ. ಈಗ ರೇಸಿಗೆ ಹೋಗ್ತಿದ್ದೆ ಅಂತ ನೀನೇ ಒಪ್ಕೊಂಡೆ. ತೋಪು ಚಂದ್ರುಗೆ. ನಡೀರಿ, ಎಲೆ ಹಾಕಿ."

ಸುಬ್ರಮಣಿ ಕೆಂಡವಾಗಿ, "ಕಳ್ಳ ಮುದುಕ!" ಎಂದು ಚೀರುತ್ತ ಎಡೆಯತ್ತ ನುಗ್ಗಿದ. ಕಾಗೆ ರೇಸ್ ಪುಟ ಕಚ್ಚಿಕೊಂಡು ಬೆಂಗಳೂರಿನ ದಿಕ್ಕಿಗೆ ಹಾರಿಹೋಯಿತು.