ಕೈ ಎತ್ತಿದಲ್ಲಿ ನಿಲುಗಡೆ

ಪುತ್ತಿಗೆಯ ಕಾವೇರಮ್ಮ ಕೈ ಎತ್ತಿದ್ದರಿಂದಲೇ ಎಲ್ಲ ಕೆಟ್ಟಿತು.

ಅದು ಬಸ್ ಸ್ಟಾಪ್ ಅಲ್ಲ, ಮೂಡುಬಿದಿರೆಯ ಒಂದು ಆಸ್ಪತ್ರೆಯ ವರಾಂಡ. ಮೂವತ್ತು ಮೀಟರ್ ಅಂತರದಲ್ಲಿ ಕಿತ್ತಳೆ ಬಣ್ಣದ ಎರಡು ಕೋನ್ ಇಟ್ಟಿದ್ದರು. ಅವುಗಳ ನಡುವೆ ಶೇಖರ ಅತ್ತಿಂದಿತ್ತ ನಡೆಯುತ್ತಿದ್ದ. ಆರು ನಿಮಿಷದಲ್ಲಿ ನಾನೂರು ಮೀಟರ್ ದಾಟಿದರೆ ‘ಕೆಲಸಕ್ಕೆ ಹೋಗಬಹುದು’ ಎಂದು ಪತ್ರ ಕೊಡುತ್ತೇನೆಂದು ಡಾಕ್ಟರ್ ಮನ್ವಿತ್ ಹೇಳಿದ್ದರು. ಪತ್ರ ಸಿಕ್ಕಿದರೆ ಬಂಟ್ವಾಳ–ಮೂಡುಬಿದಿರೆ ಬಸ್ಸಿನ ಡ್ರೈವರ್ ಸೀಟು ಮತ್ತೆ ತನ್ನದು ಎಂದು ಶೇಖರನ ನಂಬಿಕೆ. ನ್ಯುಮೋನಿಯಾ ಆಗಿ ಹತ್ತೊಂಬತ್ತು ದಿನ ವೆಂಟಿಲೇಟರಿನಲ್ಲಿ ಮಲಗಿ ಎದ್ದವನಿಗೆ ಬೇರೆ ಆಸೆಯೇ ಇರಲಿಲ್ಲ.

ಅಂಥ ರೋಗಿಗಳು ಹೇಗೆ ಚೇತರಿಸಿಕೊಳ್ಳುತ್ತಾರೆಂದು ಸಂಶೋಧನೆ ಮಾಡುತ್ತಿದ್ದವಳು ಫಾಹಿಮಾ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, “ಮಾತಾಡಬಾರದು ಅಣ್ಣ. ನಡೆಯುವುದು ಮಾತ್ರ” ಎಂದು ಮೊದಲೇ ಹೇಳಿದ್ದಳು.

ಎರಡನೇ ಸುತ್ತಿಗೆ ಬೆಂಚಿನಲ್ಲಿದ್ದ ಕಾವೇರಮ್ಮ ಅವನನ್ನು ಕಂಡು ಕೈ ಎತ್ತಿದರು. ಶೇಖರ ನಿಂತ.

ನಿಲ್ಲದೆ ಏನು ಮಾಡಿಯಾನು? ಇಪ್ಪತ್ತೆರಡು ವರ್ಷ ಆ ರಸ್ತೆಯಲ್ಲಿ ಯಾರು ಕೈ ಎತ್ತಿದರೂ ಅವನ ಕಾಲು ಬ್ರೇಕಿನ ಮೇಲಿರುತ್ತಿತ್ತು. ಕಣ್ಣಿಗಿಂತ ಮೊದಲು ಕಾಲಿಗೇ ಗೊತ್ತಾಗುತ್ತಿತ್ತು.

“ಅಯ್ಯೋ ಶೇಖರ, ನೀನು ಇದ್ದಿಯಾ? ತೀರಿಹೋದಿ ಅಂತ ಹೇಳಿದ್ರಲ್ಲ! ನಿನ್ನ ಹೆಸರಲ್ಲಿ ನಾನು ಒಂದು ಹೊತ್ತು ಊಟ ಬಿಟ್ಟಿದ್ದೇನೆ!”

“ಯಾರು ಹೇಳಿದ್ದು ಅಮ್ಮ?”

“ನಿನ್ನ ಬಸ್ಸಿನಲ್ಲೇ ಹೇಳಿದ್ದು!”

“ನಾನಲ್ಲ” ಎಂದ ಜೊತೆಗೆ ಬಂದಿದ್ದ ಝುಬೈರ್. ಅವನು ಅದೇ ಬಸ್ಸಿನ ಕಂಡಕ್ಟರ್ ಆಗಿದ್ದವನು. ಹೆವಿ ಲೈಸೆನ್ಸ್ ಇದ್ದುದರಿಂದ ಶೇಖರ ಮಲಗಿದ ಮೇಲೆ ಸ್ಟೀರಿಂಗ್ ಅವನ ಕೈಗೆ ಬಂದಿತ್ತು. ಹಳೆಯ ಅಭ್ಯಾಸ ಮಾತ್ರ ಹೋಗಿರಲಿಲ್ಲ. ಗೋಡೆಗೆ ಎರಡು ಸಲ ಬಡಿದು, “ರೈಟ್, ಪೋಯಿ!” ಎಂದ. ಶೇಖರ ಹೊರಟ.

ಮುಂದಿನ ಸುತ್ತಿನಲ್ಲಿ ತುಕ್ರಪ್ಪ ಎಂಬವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಲೆಂದು ಕೈ ಎತ್ತಿದರು. ಶೇಖರ ನಿಂತ. ಆಮೇಲೆ ಒಬ್ಬಳು ನರ್ಸ್ ಆಚೆಯವಳನ್ನು ಕರೆಯಲು ಕೈ ಎತ್ತಿದಳು. ಅಲ್ಲೂ ನಿಂತ. ಆರು ನಿಮಿಷ ಮುಗಿದಾಗ ಆದದ್ದು ಇನ್ನೂರ ತೊಂಬತ್ತು ಮೀಟರ್.

“ನನ್ನ ಗೈಡಿಗೆ ಏನಂತ ಬರೆಯಲಿ ಅಣ್ಣ? ಪ್ರಯಾಣಿಕರನ್ನು ಹತ್ತಿಸಲು ಮೂರು ನಿಲುಗಡೆ ಅಂತಲಾ?” ಎಂದಳು ಫಾಹಿಮಾ.

“ಇನ್ನೊಂದು ಟ್ರಿಪ್ ಕೊಡಿ ಮೇಡಂ” ಎಂದು ಬೇಡಿದ ಝುಬೈರ್.

ಅರ್ಧ ಗಂಟೆ ವಿಶ್ರಾಂತಿ ಸಿಕ್ಕಿತು. ಅಷ್ಟು ಹೊತ್ತು ಸುಮ್ಮನೆ ಯಾಕೆ ಕೂರುವುದೆಂದು ಫಾಹಿಮಾ ಕಂಪ್ಯೂಟರಿನಲ್ಲಿ ಒಂದು ಗೆರೆ ತೋರಿಸಿದಳು. ಹಂಚು ಜೋಡಿಸಿದ ಹಾಗೆ ಒಂದೇ ಅಳತೆಯ ಉಬ್ಬುಗಳು, ಕೊನೆಯಿಲ್ಲದೆ.

“ಇದು ನೀವು. ಇದೆಲ್ಲ ಯಂತ್ರ ಕೊಟ್ಟ ಉಸಿರು. ಈಗ ಇಲ್ಲಿ ನೋಡಿ. ಹನ್ನೊಂದನೇ ದಿನ, ಮಧ್ಯಾಹ್ನ ಮೂರು ನಲವತ್ತು.”

ಒಂದು ಉಬ್ಬಿನ ಮುಂದೆ ಸಣ್ಣದೊಂದು ತಗ್ಗಿತ್ತು. ಉಗುರು ಒತ್ತಿದಷ್ಟು.

“ಯಂತ್ರ ಕೊಡುವ ಮೊದಲೇ ನೀವು ಎಳೆದುಕೊಂಡದ್ದು.”

“ನನಗೆ ಎಚ್ಚರ ಇರಲಿಲ್ಲವಲ್ಲ?”

“ಇರಲಿಲ್ಲ.”

“ಮತ್ತೆ ಎಳೆದದ್ದು ಯಾರು?”

ಫಾಹಿಮಾ ಐದು ವರ್ಷ ಅದನ್ನೇ ಓದಿದವಳು. ಉತ್ತರ ಹೇಳಲು ಬಾಯಿ ತೆರೆದವಳು ಆ ತಗ್ಗನ್ನೇ ಪರದೆಯಲ್ಲಿ ಇನ್ನಷ್ಟು ದೊಡ್ಡದು ಮಾಡಿದಳು.

“ದಿನಾ ಮೂರು ನಲವತ್ತಕ್ಕೆ ನಮ್ಮ ಬಸ್ಸು ಸಿದ್ಧಕಟ್ಟೆ ಸ್ಟಾಪಿನಲ್ಲಿ ಇರ್ತದೆ” ಎಂದ ಝುಬೈರ್ ಮೆಲ್ಲಗೆ. ಆಮೇಲೆ ಮೂವರೂ ಆ ತಗ್ಗನ್ನು ನೋಡುತ್ತ ಕೂತರು. ಹೊರಗೆ ಯಾರೋ ಕೆಮ್ಮಿದರು. ಅದೂ ಒಂದು ಅದ್ಭುತವೆಂಬಂತೆ ಶೇಖರ ಆ ಕಡೆ ತಿರುಗಿದ.

ಎರಡನೇ ಸಲಕ್ಕೆ ಝುಬೈರ್ ವರಾಂಡದವರನ್ನೆಲ್ಲ ಒಂದನೇ ಕ್ಲಾಸಿನ ಮಕ್ಕಳಂತೆ ಕೈ ಕಟ್ಟಿಸಿ ಕೂರಿಸಿದ. “ಮೂಗು ತುರಿಸಿದರೂ ಆರು ನಿಮಿಷ ತಡ್ಕೊಳ್ಳಿ!” ಯಾರೂ ಅಲುಗಾಡಲಿಲ್ಲ. ಕಾವೇರಮ್ಮ ತುಟಿಯಲ್ಲೇ ಸುತ್ತು ಎಣಿಸಿದರು. ಶೇಖರ ಸದ್ದಿಲ್ಲದ ಆ ಜಾಗದಲ್ಲಿ ತನ್ನ ಉಸಿರನ್ನೇ ಕೇಳುತ್ತ ನಡೆದ. ಒಳಗೆ, ಹೊರಗೆ. ಯಾರೂ ಹೇಳದೆ ಅದು ತಾನಾಗಿ ಬರುತ್ತಿತ್ತು.

ನಾನೂರ ಮೂವತ್ತಾರು ಮೀಟರ್! ಕಟ್ಟಿದ ಕೈಗಳೆಲ್ಲ ಚಪ್ಪಾಳೆ ತಟ್ಟಿದವು. ಡಾಕ್ಟರ್ ಮನ್ವಿತ್ ಹೊರಗೆ ಬಂದು ನಿಂತಲ್ಲೇ ಪತ್ರಕ್ಕೆ ಸಹಿ ಹಾಕಿದರು.

ಝುಬೈರಿಗೆ ತಡೆಯಲಾಗಲಿಲ್ಲ. ಬಸ್ಸಿನ ಮಾಲೀಕ ಅಬ್ದುಲ್ಲರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ.

“ಅಬ್ದುಲ್ಲಾಕ, ನಮ್ಮ ಶೇಖರಣ್ಣ ಪಾಸ್! ಎಂಥ ನಡಿಗೆ ಅಂತೀರಿ! ಇಷ್ಟು ಜನರ ನಡುವೆ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ! ಒಬ್ಬರ ಕಾಲು ಮೆಟ್ಟಲಿಲ್ಲ, ಒಮ್ಮೆಯೂ ಗೋಡೆ ಹಿಡಿಯಲಿಲ್ಲ!”

“ಮಾಶಾ ಅಲ್ಲಾಹ್” ಎಂದರು ಅಬ್ದುಲ್ಲ. “ಈಗಿನ ಕಂಡಕ್ಟರ್ ಬಾಗಿಲು ಬಿಟ್ಟು ಒಳಗೇ ಹೋಗುವುದಿಲ್ಲ ಮಾರಾಯ. ಕೂತು ಓಡಿಸಲಿಕ್ಕೆ ನೀನು ಇದ್ದಿ. ಇಷ್ಟು ಚಂದ ನಡೆಯುವವ ನನಗೆ ಎಲ್ಲಿ ಸಿಗ್ತಾನೆ? ನೀನು ಸ್ಟೀರಿಂಗಲ್ಲೇ ಇರು. ನಾಳೆಯಿಂದ ಟಿಕೆಟಿಗೆ ಶೇಖರ.”

ಫೋನ್ ಕಟ್ ಆಯಿತು.

“ನಾನು ಹೊಗಳಿದ್ದು ಮಾತ್ರ ಶೇಖರಣ್ಣ...” ಝುಬೈರ್ ನೆಲ ನೋಡಿದ.

ಫಾಹಿಮಾಳ ಫಾರಂನಲ್ಲಿ ಒಂದು ಕಾಲಂ ಬಾಕಿ ಇತ್ತು. “ಅಣ್ಣ, ಸೊನ್ನೆಯಿಂದ ಹತ್ತರೊಳಗೆ ಹೇಳಿ. ಈಗ ಉಸಿರು ಕಟ್ಟುವುದು ಎಷ್ಟು?”

“ಹತ್ತು” ಎಂದ ಶೇಖರ.

ಅವನ ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ ಆಮ್ಲಜನಕ ತೊಂಬತ್ತೆಂಟು ಎಂದು ತೋರಿಸುತ್ತಿತ್ತು. ಫಾಹಿಮಾ ಒಮ್ಮೆ ಕ್ಲಿಪ್ ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ಮುಖವನ್ನೇ ನಂಬಿ, ಹತ್ತು ಎಂದು ಬರೆದಳು.