ಮಾವನ ನಕಾಶೆಯ ಐದು ತೋಪುಗಳು

ಅಳಿಯನಾದವನಿಗೆ ಮಾವನ ಮನೆಯಲ್ಲಿ ಹೋಳಿಗೆ ಸಿಗುತ್ತದೆ, ಅದರ ಮೇಲೆ ತುಪ್ಪವೂ ಸಿಗುತ್ತದೆ. ಮರ್ಯಾದೆಯನ್ನು ಮಾತ್ರ ಅವನೇ ಸಂಪಾದಿಸಿಕೊಳ್ಳಬೇಕು. ನನಗದು ಬಹಳ ವರ್ಷ ದಕ್ಕಿರಲಿಲ್ಲ. ಗಂಗಾವತಿಯ ನನ್ನ ಮಾವ ಫೌಜಿನಲ್ಲಿದ್ದು ಬಂದವರು. ನಾನೋ, ಕುಷ್ಟಗಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು. "ನಮ್ಮ ಅಳಿಯಾರು ಸತ್ತವರ ಸುದ್ದಿ ಹೇಳಿ ಪಗಾರ ತಗೋತಾರ್ರಿ" ಎಂದೇ ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದರು. ಬಂದವರು ನಗುತ್ತಿದ್ದರು. ಒಳಗೊಳಗೇ ಉರಿದರೂ ನಾನೂ ನಗುತ್ತಿದ್ದೆ.

ಹೀಗಿರುವಾಗ ಅವರ ಟ್ರಂಕಿನಲ್ಲಿದ್ದ ನಕಾಶೆ ನನ್ನ ಕೈಗೆ ಬಂತು. ಎಪ್ಪತ್ತೊಂದರ ಯುದ್ಧದಲ್ಲಿ ಶತ್ರುಗಳು ಬಿಟ್ಟೋಡಿದ ಡೇರೆಯಲ್ಲಿ ಸಿಕ್ಕಿದ್ದಂತೆ. ಬಟ್ಟೆಗೆ ಅಂಟಿಸಿದ ಕಾಗದ, ಮಡಿಕೆಗಳಲ್ಲಿ ಸವೆದಿತ್ತು. ಅದರಲ್ಲೊಂದು ನದಿ, ನದಿಯ ದಂಡೆಗೆ ಸಾಲಾಗಿ ಐದು ಕೆಂಪು ಚುಕ್ಕೆ. ಇವೇನೆಂದು ಮಾವನನ್ನು ಕೇಳಿದರೆ, "ನಂಗೇನ್ ಗೊತ್ರಿ? ಸಿಕ್ತು, ತಗೊಂಡ ಬಂದೆ. ಓದೂದು ನಿಮ್ಮ ಕೆಲಸ" ಎಂದರು. ಆಹಾ, ನನಗೂ ಒಂದು ಕೆಲಸವಿದೆಯೆಂದು ಕೊನೆಗಾದರೂ ಒಪ್ಪಿದರಲ್ಲ!

ಬಿದ್ದೆ ನೋಡಿ ಅದರ ಹಿಂದೆ. ಭೂತಗನ್ನಡಿ ತಂದೆ. ಇಂಟರ್ನೆಟ್ಟಿನಲ್ಲಿ ಹಳೆಯ ನಕಾಶೆಗಳನ್ನು ಹುಡುಕಿ ನದಿಯ ತಿರುವುಗಳನ್ನು ಹೋಲಿಸಿದೆ. ಆನೆಗೊಂದಿ ಕಡೆ ಹೋದರೆ ತುಂಗಭದ್ರೆಯ ದಂಡೆಯಲ್ಲೂ ತೋಪು-ಫಿರಂಗಿ ಎಲ್ಲಿಡಬಹುದೆಂದೇ ನನ್ನ ಕಣ್ಣು. ಕಡೆಗೆ ಸಾರಿಬಿಟ್ಟೆ: ಅವು ಶತ್ರುಗಳ ಐದು ತೋಪುಗಳು! ಮಾವನ ಎದೆ ಉಬ್ಬಿತು. ಚಹಾದಂಗಡಿಯಲ್ಲಿ, "ಐದು ತೋಪಿನ ಮುಂದಿಂದ ತಂದೀನ್ರಿ ಅದನ್ನ. ನಮ್ಮ ಅಳಿಯಾರು ಕಂಡುಹಿಡದ್ರು, ಭಾಳ ಶಾಣ್ಯಾ ಅದಾರ" ಎಂದರಂತೆ. ಆ 'ಶಾಣ್ಯಾ' ಕೇಳಿದ ಮೇಲೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಬನ್ನಿ ಹಬ್ಬದ ಮಾರನೇ ದಿನ ಊರಿನ ವಾಚನಾಲಯದಲ್ಲಿ ನನ್ನ ಭಾಷಣವೂ ಗೊತ್ತಾಯಿತು.

ಪ್ರತಿ ದಸರೆಗೆ ಕುಷ್ಟಗಿಯಲ್ಲೇ ಇರುವವನು ಭಾಷಣಕ್ಕೆಂದು ಈ ಸಲ ಗಂಗಾವತಿಯಲ್ಲಿ ಉಳಿದೆ. ಮಾವನಿಗೆ ಆಯುಧಗಳ ಖಂಡೇಪೂಜೆ ಎಂದರೆ ಸ್ಕೂಟರ್ ತೊಳೆದು ಕಾಯಿ ಒಡೆಯುವುದಷ್ಟೇ. ಒಳಗಿನ ಪೂಜೆಯೆಲ್ಲ ಅತ್ತೆಯದು. ಕುಡಗೋಲು, ಈಳಿಗೆ, ಮಿಕ್ಸರ್ ಎಲ್ಲದರ ಪೂಜೆ ಮುಗಿಸಿ, ಅತ್ತೆ ಟ್ರಂಕಿನಿಂದ ನಕಾಶೆ ತೆಗೆದು ಮಣೆಯ ಮೇಲೆ ಹರಡಿದರು. ಉಂಗುರ ಬೆರಳಿಂದ ಕುಂಕುಮದ ಐದು ಬೊಟ್ಟು ಇಟ್ಟರು. ಸರಿಯಾಗಿ ನನ್ನ ತೋಪುಗಳ ಮೇಲೆಯೇ!

"ಅತ್ತಿ, ಇದಕ್ಕೂ ಪೂಜೀನ?"

"ಹೌದ್ರಿ ಮತ್ತ! ಲಗ್ನಾಗಿ ಬಂದಾಗಿಂದ ಮಾಡಾಕತ್ತೀನಿ. ನಿಮ್ಮ ಮಾವಾರ ಆಯುಧ ಅಂದ್ರ ಇದೊಂದ ಅಲ್ಲೇನು?"

ನನ್ನ ಐದೂ ತೋಪು ಕುಂಕುಮವಾಗಿ ಹೋದವು. ಚಹಾದಂಗಡಿಯ ಮಂದಿಯೆಲ್ಲ ಭಾಷಣಕ್ಕೆ ಬಂದು ಕೂರುವವರು. ಊರಿಗೆಲ್ಲ ತೋಪಿನ ಕಥೆ ಹೇಳಿಕೊಂಡಿದ್ದ ಮಾವ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. "ಮಾವಾರ, ಭಾಷಣದಾಗ ಖರೇ ಹೇಳಿಬಿಡ್ತೀನ್ರಿ" ಎಂದೆ.

ಮಾವ ನಕಾಶೆ ನೋಡಿದರು, ಅತ್ತೆಯ ಬೆರಳು ನೋಡಿದರು. "ಹೇಳ್ರಿ. ತೋಪು ಇಲ್ಲಂದ್ರೂ ನಕಾಶಿ ತಂದಾಂವ ನಾನ ಅಲ್ಲೇನು?" ಎಂದರು. ದೊಡ್ಡ ಮನಸ್ಸು ಅವರದು. ನನಗೆ ಕಣ್ಣು ತುಂಬಿ ಬಂತು.

ಅತ್ತೆಗೆ ಇದಾವುದೂ ತಿಳಿಯಲಿಲ್ಲ. ಬೆರಳಿಗೆ ಉಳಿದಿದ್ದ ಕುಂಕುಮವನ್ನು ನನ್ನ ಹಣೆಗೆ ಇಟ್ಟರು. ಮಾವ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಆ ಬೊಟ್ಟನ್ನು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ಅತ್ತೆಗೆ ಹೇಳಿದರು: "ಇಲ್ಲಿ ಹುಡುಕಿದ್ರ ಏನೂ ಸಿಗಂಗಿಲ್ಲ ಬಿಡ. ಖಾಲಿ ಜಾಗಾ ಐತಿ."