ಬೀಳುವುದಕ್ಕೆಂದೇ ಗುಡ್ಡ ಹತ್ತುವ ನಮ್ಮ ಕಾಕಾ

ಬೀಳುವುದಕ್ಕೆಂದೇ ನಾಲ್ಕು ತಾಸು ಕಾರು ಓಡಿಸಿಕೊಂಡು ಹೋಗುವ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಮ್ಮ ಮನೆತನದಲ್ಲಿ ಒಬ್ಬರಿದ್ದಾರೆ. ನನ್ನ ಸ್ವಂತ ಕಾಕಾ, ನಮ್ಮಪ್ಪನ ತಮ್ಮ. ಹುಬ್ಬಳ್ಳಿಯಲ್ಲಿದ್ದಾಗ ಒಂದು ಐಸ್‌ಕ್ಯಾಂಡಿ ತಿಂದರೆ ವಾರಗಟ್ಟಲೆ ಕೆಮ್ಮುತ್ತಿದ್ದರಂತೆ. ಅಂಥವರು ರಿಟೈರ್ ಆದ ಮೇಲೆ ಹಿಮದ ಗುಡ್ಡದಿಂದ ಜಾರುವುದನ್ನೇ ಕಸುಬು ಮಾಡಿಕೊಂಡಿದ್ದಾರೆ. ಜಾರಿದರೆ ಜಾರಲಿ ಬಿಡಿ, ನನಗೇನು? ಆದರೆ ಪ್ರತಿ ಸಲವೂ ಬೀಳುತ್ತಾರೆ!

ಇಲ್ಲಿ ಅಮೆರಿಕದಲ್ಲಿ ಇಂಥವರಿಗೆ ಸ್ಕೀ ಬಮ್ ಅನ್ನುತ್ತಾರೆ. ಅಂದರೆ ಮನೆಮಠ ಬಿಟ್ಟು, ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು, ಚಳಿಗಾಲವಿಡೀ ಗುಡ್ಡದಲ್ಲೇ ಠಿಕಾಣಿ ಹೂಡುವವರು. ಸಾಮಾನ್ಯವಾಗಿ ಅವರಿಗೆ ಇಪ್ಪತ್ತೆರಡು ವರ್ಷ, ಒಂದು ಗಡ್ಡ ಮತ್ತು ಒಂದು ಹಳೇ ವ್ಯಾನ್ ಇರುತ್ತದೆ. ನಮ್ಮ ಕಾಕಾಗೆ ಅರವತ್ತು ದಾಟಿದೆ, ಬಿ.ಪಿ. ಇದೆ, ಮತ್ತು ಮನೆಯಲ್ಲಿ ಹೆಂಡತಿ, ನಮ್ಮ ಕಾಕು, ಇದ್ದಾಳೆ.

ಜರ್ಮನ್‌ಟೌನ್‌ನಲ್ಲಿ ಅವರ ಮನೆ. ಅಲ್ಲಿಯ ಲ್ಯಾಬೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದರು. ಈಗ ಚಳಿಗಾಲ ಬಂತೆಂದರೆ ವೆಸ್ಟ್ ವರ್ಜೀನಿಯಾದ ಗುಡ್ಡದಲ್ಲಿ, ಜನರನ್ನು ಮೇಲೆ ಒಯ್ಯುವ ಲಿಫ್ಟಿನ ಕುರ್ಚಿಗಳ ಹಿಮ ಕೊಡವುವ ಕೆಲಸ. ಪಗಾರ ಅಷ್ಟಕ್ಕಷ್ಟೇ, ಆದರೆ ಜಾರುವುದಕ್ಕೆ ಸೀಸನ್ ಪಾಸ್ ಪುಕ್ಕಟೆ! "ಇಷ್ಟು ಓದಿ ಕಡೀಕ ಕಸಬರಿಗಿ ಹಿಡದ್ರಲ್ಲ" ಎಂದು ಕಾಕು ಹಣೆ ಚಚ್ಚಿಕೊಂಡರೆ, "ಮನ್ಯಾಗ ಹಿಡೀತಿದ್ದೆ, ಇಲ್ಲಿ ರೊಕ್ಕಾ ಕೊಡತಾರ" ಎಂದರಂತೆ.

ಈ ಹುಚ್ಚು ಹತ್ತಿದ್ದು ಕೊರೋನಾ ವರ್ಷಗಳಲ್ಲಿ. ಆ ಬೇಸಿಗೆ ಊರಲ್ಲಿ ಕಾಕುವಿನ ತಮ್ಮ ತೀರಿಕೊಂಡಿದ್ದ. ಹೋಗುವುದಕ್ಕೆ ವಿಮಾನವಿಲ್ಲ. ತಮ್ಮನ ಮಣ್ಣು ಮಾಡುವುದನ್ನು ಕಾಕು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದಳು. ಆಮೇಲೆ ಮಾತು ಬಿಟ್ಟಳು, ಮನೆಯಿಂದ ಹೊರಗೆ ಬರುವುದನ್ನೂ ಬಿಟ್ಟಳು. ನಾವು ನಮ್ಮೂರು ಏಪೆಕ್ಸ್‌ನಿಂದ ಫೋನ್ ಮಾಡಿದರೆ "ಹೂಂ" ಎನ್ನುವಳು, ಇಲ್ಲವೇ ಅದೂ ಇಲ್ಲ. ಚಳಿಗಾಲ ಬಂದರೂ ಅದೇ ಸ್ಥಿತಿ. ಇಂಥ ಹೊತ್ತಿನಲ್ಲಿ ಈ ಮನುಷ್ಯ ಸ್ಕೀ ಖರೀದಿ ಮಾಡಿದರು! ನಮ್ಮವ್ವ ಹುಬ್ಬಳ್ಳಿಯಿಂದ ಫೋನ್ ಮಾಡಿ ಬೈದಳು: "ಹೆಂಡ್ತಿ ಸಂಕಟದಾಗ ಅದಾಳ, ಇವನಿಗಿ ಜಾರಬಂಡಿ ಆಟ ಬೇಕಾಗೇತಿ!" ಕಾಕಾ ಕೇಳಬೇಕಲ್ಲ! ಮುಂದಿನ ವಾರ ಕಾಕುವನ್ನೂ ಕಾರಿನಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ನಡೆದರು.

ಸ್ಕೀ ಅಂದರೆ ಬರೀ ಪಟ್ಟಿಯಲ್ಲ, ಅದರ ಬಾಳಂತನವೇ ದೊಡ್ಡದು. ತಳಕ್ಕೆ ಮೇಣ ಹಚ್ಚಿ, ಇಸ್ತ್ರಿ ಪೆಟ್ಟಿಗೆಯಿಂದ ಕರಗಿಸಿ ತೀಡಬೇಕು. ಅದಕ್ಕೆ ಬೇರೆ ಇಸ್ತ್ರಿಯೇ ಸಿಗುತ್ತದೆ. ಆದರೆ ಮನೆಯಲ್ಲಿ ಒಂದು ಇರುವಾಗ ಇನ್ನೊಂದು ಯಾಕೆ? ಒಂದು ದೀಪಾವಳಿಗೆ ನಾವು ಅವರಲ್ಲಿಗೆ ಹೋದಾಗ ನನ್ನ ಗಂಡ ಹೊಸ ರೇಷ್ಮೆ ಕುರ್ತಾಕ್ಕೆ ಅದೇ ಇಸ್ತ್ರಿ ಉಜ್ಜಿದ. ಎದೆಯ ಮೇಲೆ ಅಂಗೈಯಗಲ ಹೊಳೆಯುವ ಮೇಣದ ಪಟ್ಟೆ! ನಾನು ಬಾಯಿ ತೆಗೆಯುವಷ್ಟರಲ್ಲಿ ಕಾಕಾ ಬಂದು ಅದನ್ನು ಮುಟ್ಟಿ ನೋಡಿ, "ಚಿಂತಿ ಬ್ಯಾಡ ಅಳಿಯಂದ್ರ, ಇನ್ನ ಮ್ಯಾಲ ಇದರ ಮ್ಯಾಲ ಸಾರು ಚೆಲ್ಲಿದ್ರೂ ಜಾರಿ ಹೊಕ್ಕೇತಿ" ಎಂದರು. ನನ್ನ ಗಂಡ ಪಾಪ, ಥ್ಯಾಂಕ್ಸ್ ಅಂದ.

ಇನ್ನು ಪ್ರವಾಸದ ಕಥೆ ಕೇಳಿ. ಒಂದು ಸಂಕ್ರಾಂತಿಗೆ ಕಾಕಾ ತಮ್ಮೂರಿನ ಕನ್ನಡದ ಹಿರಿಯರನ್ನೆಲ್ಲ ಕಲೆಹಾಕಿ, ಬಾಡಿಗೆ ವ್ಯಾನಿನಲ್ಲಿ ತುಂಬಿಕೊಂಡು ಹೊರಟರು. "ಎಲ್ಲಿಗೆ?" ಎಂದು ಕೇಳಿದವರಿಗೆಲ್ಲ "ಊಟಿ ಇದ್ದಂಗ ಐತಿ, ಬರ್ರಿ" ಎಂದು ಹೇಳಿದ್ದರು. ಊಟಿ ಅಂದ ಮೇಲೆ ಕೇಳಬೇಕೇ? ಆಂಟಿಯರು ಕಾಟನ್ ಸೀರೆ, ಕಾಲುಚೀಲದ ಮೇಲೆ ಚಪ್ಪಲಿ, ಹೆಗಲಿಗೊಂದು ಶಾಲು. ಡಬ್ಬಿಗಳಲ್ಲಿ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಗುಡ್ಡದಲ್ಲಿ ವ್ಯಾನಿನ ಬಾಗಿಲು ತೆಗೆದದ್ದೇ ತಡ, ಗಾಳಿ ಬೀಸಿತು ನೋಡಿ! ಮೊದಲು ಇಳಿದ ಮೈಸೂರಿನ ಆಂಟಿ ಒಂದು ಕಾಲು ಕೆಳಗಿಟ್ಟವರು ಹಾಗೇ ವಾಪಸ್ ಹತ್ತಿ ಬಾಗಿಲು ಎಳೆದುಕೊಂಡರು. "ಇದು ಊಟಿ ಅಲ್ಲಾರೀ, ಫ್ರೀಜರ್ರು! ನಾವೇನು ಬಟಾಣಿನಾ?" ಎಂದರು. ಎಲ್ಲರೂ ವ್ಯಾನಿನೊಳಗೇ ಕೂತು ಎಳ್ಳುಬೆಲ್ಲ ಹಂಚಿಕೊಂಡು, ಹೀಟರ್ ಹಾಕಿಕೊಂಡು ಸಂಜೆಯವರೆಗೆ ಅಂತ್ಯಾಕ್ಷರಿ ಆಡಿದರು. ಈಗಲೂ ಆ ಆಂಟಿ ಕಾಕಾ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ.

ಆದರೆ ಕಾಕಾರ ನಿಜವಾದ ಖ್ಯಾತಿ ಇರುವುದು ಅವರು ಬೀಳುವುದರಲ್ಲಿ. ಗುಡ್ಡದ ಬುಡದಲ್ಲಿ ಊಟ ಕಾಫಿಯ ಒಂದು ದೊಡ್ಡ ಹಾಲ್ ಇದೆ. ಅದರ ಒಂದಿಡೀ ಗೋಡೆ ಗಾಜಿನ ಕಿಟಕಿ. ಆ ಕಿಟಕಿಯ ಪಕ್ಕದ ಮೇಜೇ ಕಾಕುವಿನ ಕಾಯಂ ಜಾಗ. ಜೊತೆಗೆ ರೊಟ್ಟಿಯ ಡಬ್ಬಿ, ಚಹಾದ ಫ್ಲಾಸ್ಕು. ಹಿಮದ ಮೇಲೆ ಮಾತ್ರ ಕಾಲಿಡುವವಳಲ್ಲ. ಬಾ ಎಂದರೆ "ನನ್ನ ಕಾಲು ನನಗ ಇನ್ನೂ ಬೇಕಾಗ್ಯಾವು" ಎನ್ನುತ್ತಾಳೆ. ಕಾಕಾ ಕಣ್ಣು ಕುಕ್ಕುವ ಅರಿಶಿನ ಬಣ್ಣದ ಜಾಕೆಟ್ ತೊಟ್ಟು ಮೇಲಿನಿಂದ ಬರುತ್ತಾರೆ. ಸರಿಯಾಗಿ ಆ ಕಿಟಕಿಯ ಮುಂದೆ ಬಂದು, ಎರಡೂ ಕೈ ಗಾಳಿಯಲ್ಲಿ ತಿರುಗಿಸಿ, ಧೊಪ್!

ಅಂಗಾತ ಬೀಳುತ್ತಾರೆ, ಬೋರಲು ಬೀಳುತ್ತಾರೆ, ಒಂದು ಕಾಲು ಆಕಾಶಕ್ಕೆ ಎತ್ತಿ ಬೀಳುತ್ತಾರೆ. ಕಾಫಿ ಕುಡಿಯುವವರು ಚಪ್ಪಾಳೆ ತಟ್ಟುತ್ತಾರೆ. ಕಾಕು ಸೆರಗು ಬಾಯಿಗೊತ್ತಿಕೊಂಡು ನಗುತ್ತಾಳೆ. ಕಾಕಾ ಮಾತ್ರ ನಗುವುದಿಲ್ಲ. ಬಿದ್ದಲ್ಲಿಂದಲೇ ಕತ್ತೆತ್ತಿ ಗಂಭೀರವಾಗಿ ಕಿಟಕಿಯತ್ತ ನೋಡಿ, ಎದ್ದು, ಹಿಮ ಕೊಡವಿ, ಮತ್ತೆ ಲಿಫ್ಟ್ ಹತ್ತುತ್ತಾರೆ. ಇಲ್ಲೇ ಹುಟ್ಟಿದ ನನ್ನ ಮಗಳು ಒಮ್ಮೆ ಅದನ್ನು ನೋಡಿ, "ಅಮ್ಮಾ, ಅಜ್ಜಂಗೆ ಸ್ಟಾಪ್ ಮಾಡಕ್ಕೆ ಬರಲ್ಲ. ಅದಕ್ಕೇ ಹೀ ಬಿದ್ದು ಸ್ಟಾಪ್ ಆಗ್ತಾನೆ" ಎಂದಳು.

"ಇಷ್ಟು ವರ್ಷ ಆತಲ್ಲ ಕಾಕಾ, ಇನ್ನೂ ನೆಟ್ಟಗ ನಿಂದ್ರಾಕ ಬರಂಗಿಲ್ಲೇನು?" ಎಂದು ನಾನೇ ಕೇಳಿದ್ದೇನೆ.

"ನಾ ಎಲ್ಲಿ ಬಿದ್ದೆ? ಪಾರ್ಕಿಂಗ್ ಮಾಡೇನಿ!" ಎಂದರು.

ಹೋದ ಚಳಿಗಾಲ ಈ ಪಾರ್ಕಿಂಗ್ ವಿಕೋಪಕ್ಕೆ ಹೋಯಿತು. ಬಲಗಾಲಿನ ಮೊಣಕಾಲು ಬಾತುಕೊಂಡಿತು. ಡಾಕ್ಟರು ಚಿತ್ರ ತೆಗೆದು ನೋಡಿ, ಇನ್ನು ಹೀಗೆ ಬೀಳುತ್ತಾ ಹೋದರೆ ಈ ಕಾಲು ಕೈಬಿಟ್ಟಂತೆ ಎಂದು ಖಡಾಖಂಡಿತವಾಗಿ ಹೇಳಿದರು. ಎರಡು ವಾರ ಸುಮ್ಮನಿದ್ದ ಕಾಕಾ ಮೂರನೆಯ ವಾರ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಮತ್ತೆ ಹೊರಟರು. ಅಟ್ಲಾಂಟಾದಲ್ಲಿರುವ ಅವರ ಮಗಳು ವೀಣಾ ನನಗೆ ಫೋನ್ ಮಾಡಿ ಗೊಳೋ ಅಂತ ಅತ್ತಳು.

"ಅಕ್ಕಾ, ಅಪ್ಪ ನನ್ನ ಮಾತು ಕೇಳಂಗಿಲ್ಲ. ನಾಳೆ ಕಾಲು ಹೋದ್ರ ಅವ್ವನ್ನ ಯಾರು ನೋಡತಾರ? ನೀನರ ಹೋಗಿ ಆ ಸ್ಕೀ ಕಸ್ಕೊಂಡು ಬಾ."

"ನಾನಾ ಯಾಕ?"

"ನಿನ್ನ ಬಾಯಿಗೆ ಅಪ್ಪ ಹೆದರತಾರ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯದಿದ್ದರೂ ನಾನು ಒಪ್ಪಿಕೊಂಡೆ. ಶನಿವಾರ ಬೆಳಿಗ್ಗೆ ಮಗಳನ್ನು ಗಂಡನಿಗೆ ಒಪ್ಪಿಸಿ, ಹೇಳಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಸ್ಟೀರಿಂಗ್ ಮುಂದೆ ತಾಲೀಮು ಮಾಡುತ್ತ ಗುಡ್ಡ ಮುಟ್ಟಿದೆ. ಸ್ಕೀ ಇಡುವುದಕ್ಕೆಂದು ಕಾರಿನ ಹಿಂದಿನ ಸೀಟು ಮಡಚಿಯೇ ಹೋಗಿದ್ದೆ.

ಕಾರು ನಿಲ್ಲಿಸುವ ಜಾಗ ಆ ಹಾಲ್‌ನ ಹಿಂಬದಿಗಿದೆ. ನಾನು ಯಾವತ್ತೂ ನೇರ ಒಳಗೆ ಹೋಗಿ ಕಾಕುವಿನ ಪಕ್ಕ ಕೂತುಬಿಡುವವಳು. ಆವತ್ತು ಜಾಗ ಸಿಗದೆ ತುಂಬ ಆಚೆ ನಿಲ್ಲಿಸಬೇಕಾಯಿತು. ಅಲ್ಲಿಂದ ಗುಡ್ಡದ ಮೇಲಿನ ಭಾಗ ಕಾಣುತ್ತದೆ. ಕಿಟಕಿಯಿಂದ ನೋಡಿದರೆ ಪೈನ್ ಮರಗಳು ಅಡ್ಡ ಬಂದು ಅದು ಮುಚ್ಚಿಹೋಗುತ್ತದೆ.

ಮೇಲಿನಿಂದ ಒಬ್ಬ ಬರುತ್ತಿದ್ದ. ಏನು ಚಂದ ಬರುತ್ತಿದ್ದ ಅಂತೀರಿ! ಎಡಕ್ಕೊಮ್ಮೆ ವಾಲಿ, ಬಲಕ್ಕೊಮ್ಮೆ ವಾಲಿ, ಒಂದಿಷ್ಟೂ ಅವಸರವಿಲ್ಲದೆ, ಕೆನೆ ಮೇಲೆ ಬೆರಳೆಳೆದ ಹಾಗೆ. ನಡುವೆ ಬಿದ್ದು ಅಳುತ್ತಿದ್ದ ಒಂದು ಹುಡುಗಿಯ ಪಕ್ಕ ಸರ್ರನೆ ನಿಂತು, ಕೈಹಿಡಿದು ಎಬ್ಬಿಸಿ, ಮತ್ತೆ ಹೊರಟ. ಸ್ಕೀ ಅಂದರೆ ಇದಪ್ಪಾ, ನಮ್ಮ ಕಾಕಾನೂ ಇದ್ದಾರೆ ದಂಡಕ್ಕೆ ಅಂದುಕೊಂಡೆ. ಆಮೇಲೆ ಜಾಕೆಟ್ ನೋಡಿದೆ. ಅರಿಶಿನ ಬಣ್ಣ.

ಪೈನ್ ಮರಗಳ ತಿರುವಿನಲ್ಲಿ ಕಾಕಾ ನಿಂತರು. ನೆಟ್ಟಗೆ ನಿಂತರು, ನಿಂತು ಟೋಪಿ ಸರಿಮಾಡಿಕೊಂಡರು, ಬಾಗಿ ಮೊಣಕಾಲು ಎರಡು ಸಲ ನೀವಿಕೊಂಡರು. ಆಮೇಲೆ ಕಿಟಕಿ ಕಾಣುವ ಕಡೆಗೆ ತಿರುಗಿದ್ದೇ ತಡ, ತೂರಾಡುತ್ತ, ಕೈ ಗಿರಗಿರ ತಿರುಗಿಸುತ್ತ ಹೋಗಿ, ಧೊಪ್!

ಲಿಫ್ಟಿನ ಹತ್ತಿರ ಅವರನ್ನು ಹಿಡಿದೆ. ತಾಲೀಮು ಮಾಡಿದ ಮಾತೆಲ್ಲ ಮರೆತುಹೋಗಿತ್ತು. "ಕಾಕಾ, ಇದೇನು ನಾಟಕ?" ಎಂದೆ.

ಮನುಷ್ಯ ಕಳ್ಳ ಸಿಕ್ಕಿಬಿದ್ದ ಹಾಗೆ ಆಚೀಚೆ ನೋಡಿದರು. "ಗದ್ದಲಾ ಮಾಡಬ್ಯಾಡ ಹುಡುಗಿ" ಎಂದು ನನ್ನನ್ನು ಬದಿಗೆ ಕರೆದುಕೊಂಡು ಹೋದರು. "ಆ ವರ್ಷ ನಿಮ್ಮ ಕಾಕು ಹೆಂಗಿದ್ಳು, ನಿನಗ ಗೊತ್ತೈತಿ. ನಾ ಏನೇನೋ ಮಾಡಿದೆ, ಒಂದೂ ಹತ್ತಲಿಲ್ಲ. ಹೊಸಾ ಹುಚ್ಚಿನ ನೆವಾ ಮಾಡಿ ಇಲ್ಲಿ ಕರಕೊಂಡು ಬಂದೆ, ಮಂದಿ ಮಾರಿ ನೋಡ್ಲಿ ಅಂತ. ಮೊದಲನೇ ದಿನ ನನಗ ಖರೇನ ಬರತಿರಲಿಲ್ಲ. ಆ ಕಿಡಕಿ ಮುಂದ ಬಂದು ಬಿದ್ದೆ. ತಲಿ ಎತ್ತಿ ನೋಡತೇನಿ, ಒಳಗ ಆಕಿ ನಗಾಕತ್ತಾಳ! ತಮ್ಮ ಹೋದ ಮ್ಯಾಲ ನಕ್ಕಿದ್ದು ಅದಾ ಮೊದಲು." ಕಾಕಾ ಕೈಗವಸಿನಿಂದ ಮೂಗು ಒರೆಸಿಕೊಂಡರು. "ಆಮ್ಯಾಲ ಕಲತೆ. ಕಲತು ಏನ ಮಾಡ್ಲಿ? ಚಂದಾಗಿ ಬಂದು ನಿಂತ್ರ ಆಕಿ ಯಾಕ ನಗತಾಳ? ಆಕಿಗಿ ಹೇಳಬ್ಯಾಡ ಮತ್ತ."

ಹೇಳುವುದಿಲ್ಲ ಎಂದೆ. ಸ್ಕೀ ಕಸಿದುಕೊಳ್ಳಲು ಬಂದವಳು ಅವರನ್ನು ಕೈಯಾರೆ ಲಿಫ್ಟ್ ಹತ್ತಿಸಿ, ಕಣ್ಣೊರೆಸಿಕೊಂಡು ಒಳಗೆ ಹೋದೆ.

ಕಾಕು ಡಬ್ಬಿ ತೆಗೆದು ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ನನ್ನ ಮುಖ ನೋಡಿದವಳೇ, "ನೋಡಿದೇನು?" ಎಂದಳು.

"ಏನು ಕಾಕು?"

"ಸುಮ್ನಿರು. ಅವರು ಬೇಕಂತನಾ ಬೀಳತಾರ. ಎರಡನೇ ವರ್ಷನಾ ಗೊತ್ತಾತು ನನಗ, ಒಮ್ಮೆ ದೂರ ನಿಲ್ಲಿಸಿದ್ದ ಕಾರಿನ್ಯಾಗ ಶಾಲು ಮರತು ತರಾಕ ಹೋಗಿದ್ದೆ."

"ಮತ್ತ ನಗತಿಯಲ್ಲ!"

"ನಗಲಿಲ್ಲಂದ್ರ ಮತ್ತ ಮ್ಯಾಲ ಹೋಗತಾರ, ಮತ್ತ ಬೀಳತಾರ. ಒಂದು ಸಲ ನನಗ ಜ್ವರಾ ಬಂದು ನಗಾಕ ಆಗಲಿಲ್ಲ. ಆವತ್ತು ಎಷ್ಟು ಸಲ ಬಿದ್ರು ಗೊತ್ತೈತೇನು ನಿನಗ? ಅದಕ್ಕ ಲಗೂನ ನಕ್ಕುಬಿಡತೇನಿ, ಮೊಣಕಾಲು ಉಳೀಲಿ ಅಂತ." ರೊಟ್ಟಿ ಮಡಚಿ ನನ್ನ ಕೈಗಿಟ್ಟಳು. "ನನಗೊತ್ತು ಅಂತ ಹೇಳಿದ್ರ ಪಾಪ ಅವರಿಗೆ ಹೆಂಗಾಗಬ್ಯಾಡ?"

"ಈಗ ಡಾಕ್ಟರು ಏನು ಹೇಳ್ಯಾರ, ಕೇಳಿಯಲ್ಲ?" ಎಂದೆ.

ಕಾಕು ಕಿಟಕಿಯತ್ತ ತಿರುಗಿದಳು. ತಿರುವಿನಲ್ಲಿ ಅರಿಶಿನ ಬಣ್ಣ ಕಾಣಿಸಿತು. ಕಾಕು ಎದ್ದು ನಿಂತಳು. ಕಾಕಾ ಇನ್ನೂ ಕೈ ತಿರುಗಿಸಲು ಶುರು ಮಾಡಿರಲಿಲ್ಲ, ಅಷ್ಟರಲ್ಲೇ ಇವಳು ಕಿಟಕಿಗೆ ಎರಡೂ ಅಂಗೈ ಒತ್ತಿ, ಅವರಿಗೆ ಕಾಣುವ ಹಾಗೆ ನಗತೊಡಗಿದಳು. ಕಾಕಾಗೆ ಗಲಿಬಿಲಿಯಾಯಿತು. ಎತ್ತಿದ ಕೈ ಹಾಗೇ ಉಳಿಯಿತು. ಬೀಳುವುದನ್ನು ಮರೆತು, ಚಂದವಾಗಿ ಜಾರಿ ಬಂದು, ಕಿಟಕಿಯ ಮುಂದೆ ನೆಟ್ಟಗೆ ನಿಂತುಬಿಟ್ಟರು. ಈಗೇನು ಮಾಡಬೇಕು ಎಂದು ಅವರಿಗೆ ತಿಳಿಯಲಿಲ್ಲ. ಗಾಜಿನ ಆಚೆ ಅವರು, ಈಚೆ ಇವಳು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು.

ಆಮೇಲೆ ಕಾಕು ನನಗೆ ಫ್ಲಾಸ್ಕ್ ಹಿಡಿಯಲು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲು ತಳ್ಳಿ ಹೊರಟಳು. ಇಷ್ಟು ವರ್ಷ ಹಿಮದ ಮೇಲೆ ಬೆರಳೂರದವಳು! "ಕಾಕೂ, ಬ್ಯಾಡ!" ಎಂದು ಕೂಗುತ್ತ ನಾನು ಹಿಂದೆ ಓಡಿದೆ. ಕಾಕಾ ಇದ್ದಲ್ಲಿಂದಲೇ ಕೈ ಚಾಚಿದರು. ಅವರ ಕೈಗೆ ಇನ್ನೊಂದು ಮಾರು ಇದೆ ಎನ್ನುವಾಗ ಇವಳ ಕಾಲು ಮುಂದೆ ಹೋಯಿತು, ಸೀರೆ ಸಮೇತ ಮೆತ್ತನೆಯ ಹಿಮದಲ್ಲಿ ಧೊಪ್ಪನೆ ಕೂತಳು. ಜಾರಿ ಬಿದ್ದಳೋ, ಬೇಕಂತಲೇ ಬಿದ್ದಳೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕಾಕಾ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ, ಸ್ಕೀ ಬಿಚ್ಚಿ ಅವಳ ಪಕ್ಕದಲ್ಲಿ ಮೆಲ್ಲಗೆ ಕೂತುಕೊಂಡು ನಕ್ಕರು. ನನ್ನ ಫೋನ್ ಬಡಿದುಕೊಳ್ಳತೊಡಗಿತು. ವೀಣಾ.

"ಅಕ್ಕಾ, ಏನಾತು? ಮತ್ತ ಬಿದ್ರೇನು?"

"ಇಲ್ಲವಾ" ಎಂದೆ. "ಇವತ್ತ ನಿಮ್ಮಪ್ಪ ಬೀಳಲಿಲ್ಲ. ನಿಮ್ಮವ್ವ ಬಿದ್ಳು."